ತಪ್ಪೂ ಹಂಚಿಹೋಗುತ್ತದೆ: ಮುಕ್ತ ತಂತ್ರಾಂಶದಿಂದ ಪಾಠಯೋಜನೆಗೊಂದು ಪಾಠ

ಅಭ್ಯಾಸ ಬೋಧನೆಗೆ ನನಗೆ ನಂಜನಗೂಡಿನ ಪ್ರೌಢಶಾಲೆಯೊಂದು ಸಿಕ್ಕಿತು, ಸಹಪಾಠಿಯೊಬ್ಬಳಿಗೆ ತಿ. ನರಸೀಪುರ. ಒಂಬತ್ತನೇ ತರಗತಿಯ ‘ಚಲನೆ’ ಪಾಠಕ್ಕೆ ನಾನು ಮಾಡಿದ ಚಟುವಟಿಕೆ ಹಾಳೆಯನ್ನು ಪಿಡಿಎಫ್ ಮಾಡಿ ಅವಳಿಗೂ ಕಳುಹಿಸಿದ್ದೆ. ಬಸ್ಸೊಂದು 10 ಕಿ.ಮೀ. ಹೋಗಿ ಅದೇ ದಾರಿಯಲ್ಲಿ ಹಿಂತಿರುಗುತ್ತದೆ. ಅದರ ದೂರ–ಕಾಲ ನಕ್ಷೆಯಲ್ಲಿ ಗೆರೆಯನ್ನು 10ಕ್ಕೆ ಏರಿಸಿ ಮತ್ತೆ ಸೊನ್ನೆಗೆ ಇಳಿಸಿದ್ದೆ.

“ಸರ್, ವಾಪಸ್ ಬಂದ್ರೆ ಬಸ್ ಓಡಿದ ದೂರ ಕಮ್ಮಿ ಆಗುತ್ತಾ?” ಎಂದಳು ಒಬ್ಬ ವಿದ್ಯಾರ್ಥಿನಿ.

ಆಗುವುದಿಲ್ಲ. ಕ್ರಮಿಸಿದ ದೂರ 20 ಕಿ.ಮೀ.; ಸೊನ್ನೆಯಾಗುವುದು ಸ್ಥಾನಪಲ್ಲಟ. ಕಪ್ಪುಹಲಗೆಯ ಮೇಲೆ ಅಲ್ಲೇ ತಿದ್ದಿದೆ. ಸಂಜೆ ಫೋನ್ ಮಾಡಿದಾಗ ತಿಳಿಯಿತು: ಅಷ್ಟರಲ್ಲಿ ಅದೇ ತಪ್ಪು ನಕ್ಷೆ ತಿ. ನರಸೀಪುರದ ಮಕ್ಕಳ ಪುಸ್ತಕಕ್ಕೂ ಇಳಿದಿತ್ತು.

ಹಲವರು ಬಳಸುವ ಬರಹದಲ್ಲಿ ತಪ್ಪನ್ನು ತಿದ್ದುವುದು ಹೇಗೆ? ಮುಕ್ತ ತಂತ್ರಾಂಶದ ಕೆಲಸಗಾರರು ಈ ಪ್ರಶ್ನೆಗೆ ಒಂದು ವಿಧಾನ ಕಂಡುಕೊಂಡಿದ್ದಾರೆ. 1991ರಲ್ಲಿ ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ತಮ್ಮ ಲಿನಕ್ಸನ್ನು ಇನ್ನೂ ಅರೆಬರೆ ಇರುವಾಗಲೇ ಸೋರ್ಸ್ ಕೋಡ್ ಸಮೇತ ಹಂಚಿದರು. ಓದಿದವರು ತಿದ್ದುಪಡಿ ಕಳುಹಿಸಿದರು. ಆದರೆ ಬಂದದ್ದೆಲ್ಲ ಸೇರುವುದಿಲ್ಲ. ಆಯಾ ಭಾಗದ ಹೊಣೆ ಹೊತ್ತವರು ಪರೀಕ್ಷಿಸಿ ಒಪ್ಪಿದ್ದು ಮಾತ್ರ ಸೇರುತ್ತದೆ. ಯಾರು, ಯಾವಾಗ, ಏನು ಬದಲಿಸಿದರು ಎಂಬ ದಾಖಲೆಗಾಗಿ 2005ರಲ್ಲಿ ಅವರೇ ‘ಗಿಟ್’ ರೂಪಿಸಿದರು.

ಈ ವಿಧಾನದ ಪ್ರಭಾವ ತಂತ್ರಾಂಶಕ್ಕೇ ಸೀಮಿತವಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಪ್ರತಿ ಲೇಖನದ ಹಿಂದೆ ಬದಲಾವಣೆಗಳ ಇತಿಹಾಸವೂ ಚರ್ಚೆಗೊಂದು ಪುಟವೂ ಇವೆ. ಶಿಕ್ಷಕರು ಪಾಠಸಾಮಗ್ರಿ ಹಂಚಿಕೊಳ್ಳುವ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಕೂಡ ವಿಕಿ ರೂಪದ್ದೇ.

ಈ ಬೆಳಕಿನಲ್ಲಿ ನೋಡಿದರೆ ನನ್ನ ಪಿಡಿಎಫ್, ಸೋರ್ಸ್ ಕೋಡ್ ಇಲ್ಲದ ತಂತ್ರಾಂಶದಂತೆ: ಬಳಸಬಹುದು, ಸುಲಭವಾಗಿ ತಿದ್ದಲಾಗದು. ಆಮೇಲೆ ನಾವಿಬ್ಬರೂ ನಾಲ್ಕು ನಿಯಮ ಮಾಡಿಕೊಂಡೆವು.

1. ತಿದ್ದಬಹುದಾದ ಮೂಲ ಕಡತವನ್ನೇ ಹಂಚುವುದು.
2. ಬಳಸಲು, ಬದಲಿಸಲು ಅನುಮತಿಯಿದೆ ಎಂದು ಅದರಲ್ಲೇ ಬರೆಯುವುದು.
3. ಕೊನೆಯಲ್ಲಿ ದಿನಾಂಕ, ಬದಲಾವಣೆ, ಕಾರಣ, ತಿದ್ದಿದವರು ಎಂಬ ಪಟ್ಟಿ ಇಡುವುದು.
4. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ನೋಡಿದ ಮೇಲೆಯೇ ತರಗತಿಗೆ ಒಯ್ಯುವುದು.

ನಮ್ಮ ಪಟ್ಟಿಯ ಮೊದಲ ಸಾಲಿನಲ್ಲಿ ಕಾರಣ: ‘ವಿದ್ಯಾರ್ಥಿನಿಯ ಪ್ರಶ್ನೆ’. ಮರುದಿನ ಸಹಪಾಠಿ ಅದೇ ತಪ್ಪು ನಕ್ಷೆಯನ್ನು ಹಲಗೆಯ ಮೇಲೆ ಬರೆದು, “ಇದರಲ್ಲಿ ತಪ್ಪೆಲ್ಲಿದೆ?” ಎಂದು ಪಾಠ ಆರಂಭಿಸಿದಳು.

ಕಡತವನ್ನು ತೆರೆದಿಟ್ಟ ಮಾತ್ರಕ್ಕೆ ತಪ್ಪು ತಾನಾಗಿ ಹೋಗುವುದಿಲ್ಲ. ಗಮನವಿಟ್ಟು ಓದುವವರು ಬೇಕು, ಕೇಳಿಸಿಕೊಳ್ಳುವ ಮನಸ್ಸೂ ಬೇಕು. ನಮ್ಮ ಪಾಠಯೋಜನೆ ಪುಸ್ತಕದಲ್ಲಿ ಕಾಟು ಕಂಡರೆ ಅಂಕ ಹೋದೀತೆಂಬ ಭಯದಿಂದ ನಾವು ಹೊಸ ಹಾಳೆಯಲ್ಲಿ ನಕಲು ಮಾಡಿ ತಪ್ಪಿನ ಗುರುತನ್ನೇ ಅಳಿಸುತ್ತೇವೆ. ಮಾರ್ಗದರ್ಶಕರು ತಿದ್ದುಪಡಿ ಪಟ್ಟಿಗೂ ಒಂದೆರಡು ಅಂಕವಿಟ್ಟರೆ, ಮುಂದಿನ ತಂಡಕ್ಕೆ ನಮ್ಮ ಪಾಠದ ಜೊತೆ ನಾವು ಎಡವಿದ ಜಾಗವೂ ತಿಳಿಯುತ್ತದೆ.