ಗೇಮಿಂಗ್ ಕಂಪ್ಯೂಟರ್ ಜೋಡಣೆ: ಬಿಡಿಭಾಗಗಳು ಪರಸ್ಪರ ಹೊಂದುವುವೇ?

ಬೆಂಗಳೂರು: ಎಸ್.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಬಿಡಿಭಾಗಗಳನ್ನು ಕೊಂಡು ಗೇಮಿಂಗ್ ಕಂಪ್ಯೂಟರನ್ನು ತಾವೇ ಜೋಡಿಸಬಯಸುವವರು, ಚೌಕಾಸಿಗೆ ಮುನ್ನ ಆ ಭಾಗಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಪೊಟ್ಟಣ ಒಡೆದ ಮೇಲೆ ಪ್ರೊಸೆಸರನ್ನು ಹಿಂದಿರುಗಿಸುವುದು ಸುಲಭವಲ್ಲ.

ಮೊದಲು ನೋಡಬೇಕಾದುದು ಸಾಕೆಟ್. ಎಎಂಡಿಯ ರೈಜೆನ್ 5 5600 ಪ್ರೊಸೆಸರ್ ಎಎಂ4 ಸಾಕೆಟ್‌ಗೆ ಸೇರಿದ್ದು. ರೈಜೆನ್ 5 7600ಕ್ಕೆ 2022ರಲ್ಲಿ ಬಂದ ಎಎಂ5 ಬೇಕು. ಒಂದರಲ್ಲಿ ಮತ್ತೊಂದು ಕೂರದು. ಸಾಕೆಟ್ ಒಂದೇ ಆಗಿದ್ದರೂ ಸಾಲದು. 2024ರ ರೈಜೆನ್ 9000 ಸರಣಿಯ ಪ್ರೊಸೆಸರನ್ನು ಹಳೆಯ ದಾಸ್ತಾನಿನ ಬಿ650 ಬೋರ್ಡ್‌ನಲ್ಲಿ ಕೂರಿಸಿದರೆ, ಬಯೋಸ್ ನವೀಕರಿಸುವ ತನಕ ಕಂಪ್ಯೂಟರ್ ಚಾಲೂ ಆಗದಿರಬಹುದು.

ಎರಡನೆಯದು ಮೆಮೊರಿ. ಎಎಂ5 ಬೋರ್ಡ್‌ಗಳಿಗೆ ಡಿಡಿಆರ್5 ಮಾತ್ರ. ಇಂಟೆಲ್‌ನ ಎಲ್‌ಜಿಎ 1700 ಬೋರ್ಡ್‌ಗಳಲ್ಲಿ ಡಿಡಿಆರ್4 ಬಳಸುವವೂ ಇವೆ, ಡಿಡಿಆರ್5 ಬಳಸುವವೂ ಇವೆ. ಎರಡಕ್ಕೂ 288 ಪಿನ್‌ಗಳೇ ಇದ್ದರೂ ಕಚ್ಚಿನ ಸ್ಥಾನ ಬೇರೆ. ಬಲವಂತವಾಗಿ ಒತ್ತಿದರೆ ಸ್ಲಾಟ್ ಹಾಳಾದೀತು.

ಮೂರನೆಯದು ವಿದ್ಯುತ್. ಎನ್ವಿಡಿಯಾದ ಆರ್‌ಟಿಎಕ್ಸ್ 5070 ಕಾರ್ಡ್ ಒಂದಕ್ಕೇ 250 ವ್ಯಾಟ್ ಬೇಕು; ಇಡೀ ವ್ಯವಸ್ಥೆಗೆ 650 ವ್ಯಾಟ್‌ನ ಪವರ್ ಸಪ್ಲೈ ಇರಲಿ ಎಂಬುದು ಕಂಪನಿಯ ಶಿಫಾರಸು. ಒಂದು ಮಾಡ್ಯುಲರ್ ಸಪ್ಲೈನ ಕೇಬಲ್‌ಗಳನ್ನು ಇನ್ನೊಂದಕ್ಕೆ ಬಳಸಕೂಡದು. ಕನೆಕ್ಟರ್ ಹೊಂದಿದರೂ ತಂತಿಗಳ ಕ್ರಮ ಬೇರೆಯಾಗಿದ್ದರೆ ಹಾರ್ಡ್‌ಡಿಸ್ಕ್ ಸುಟ್ಟು, ವರ್ಷಗಳ ಕಾಲ ಕೂಡಿಟ್ಟ ಛಾಯಾಚಿತ್ರಗಳೂ ಕಡತಗಳೂ ಕೈತಪ್ಪಬಹುದು.

ಕೊನೆಯದು ಕ್ಯಾಬಿನೆಟ್. ಗ್ರಾಫಿಕ್ಸ್ ಕಾರ್ಡ್‌ನ ಉದ್ದ, ಕೂಲರ್‌ನ ಎತ್ತರ ಅದರೊಳಗೆ ಹಿಡಿಸಬೇಕು. ಬೋರ್ಡ್ ತಯಾರಕರ ಜಾಲತಾಣದಲ್ಲಿ ಬೆಂಬಲಿತ ಪ್ರೊಸೆಸರ್‌ಗಳ ಪಟ್ಟಿ ಹಾಗೂ ಅವುಗಳಿಗೆ ಬೇಕಾದ ಬಯೋಸ್ ಆವೃತ್ತಿ ದೊರೆಯುತ್ತವೆ. ಅದನ್ನು ನೋಡಿಕೊಂಡೇ ಹಣ ತೆರುವುದು ಲೇಸು.