ಲೆಕ್ಕಕ್ಕಿಲ್ಲದ ಮೂರು ಮ್ಯಾಚ್, ಲೆಕ್ಕ ಹಾಕುವ ಕೋಚ್: ಎನ್‌ಎಫ್‌ಎಲ್ ಡಿಫೆಂಡರ್‌ಗಳ ಆಗಸ್ಟ್ ಪರೀಕ್ಷೆ

ಪ್ರತಿ ವರ್ಷ ಆಗಸ್ಟ್ ಕೊನೆಯ ವಾರ, ಒಂದು ಮಂಗಳವಾರ ಸಂಜೆ 4 ಗಂಟೆಯೊಳಗೆ, ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ 32 ತಂಡಗಳೂ ತಮ್ಮ ಆಟಗಾರರ ಪಟ್ಟಿಯನ್ನು 90ರಿಂದ 53ಕ್ಕೆ ಇಳಿಸಲೇಬೇಕು. ತಂಡಕ್ಕೆ 37 ಜನ ಅಂದರೆ ಒಟ್ಟು 1,184 ಜನ. ಮೊದಲು ಕೆಲವು ವರ್ಷ ಇದನ್ನು ಕಂತುಗಳಲ್ಲಿ ಮಾಡುತ್ತಿದ್ದರು, 2023ರಿಂದ ಒಂದೇ ಏಟಿಗೆ. ಇದೇ ಕೆಲಸವನ್ನು ಒಂದು ಟೆಕ್ ಕಂಪನಿ ಮಾಡಿದ್ದರೆ 'ಲೇಆಫ್' ಅಂತ ದೊಡ್ಡ ಸುದ್ದಿ ಆಗುತ್ತಿತ್ತು. ಇಲ್ಲಿ ಅದಕ್ಕೆ 'ಕಟ್ ಡೇ' ಅಂತ ಹೆಸರು, ಕ್ರೀಡಾ ಪುಟದಲ್ಲಿ ಒಂದು ಪಟ್ಟಿ, ಅಷ್ಟೇ.

ಕೆಲಸ ಕಳೆದುಕೊಳ್ಳುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಡಿಫೆಂಡರ್‌ಗಳು. ಯಾರು ಉಳಿಯಬೇಕು, ಯಾರು ಹೋಗಬೇಕು ಅನ್ನೋದನ್ನು ಕೋಚ್‌ಗಳು ತೀರ್ಮಾನಿಸುವುದು ಜುಲೈ ಕೊನೆಗೆ ಶುರುವಾಗುವ ಟ್ರೈನಿಂಗ್ ಕ್ಯಾಂಪ್ ಮತ್ತು ಮೂರು ಪ್ರೀಸೀಸನ್ ಪಂದ್ಯಗಳಲ್ಲಿ. ಈ ಪಂದ್ಯಗಳಿಗೆ ಪಾಯಿಂಟ್ ಇಲ್ಲ, ಗೆದ್ದರೂ ಸೋತರೂ ಯಾರೂ ನೆನಪಿಡುವುದಿಲ್ಲ. ಸ್ಟಾರ್ ಆಟಗಾರರು ಕ್ಯಾಪ್ ಹಾಕಿಕೊಂಡು ಸೈಡ್‌ಲೈನ್‌ನಲ್ಲಿ ನಿಂತಿರುತ್ತಾರೆ. ಪ್ರೇಕ್ಷಕರಿಗೂ ಬೇಜಾರು. ಹಾಗಾಗಿ ಇನ್ನೊಂದು ಪಂದ್ಯವನ್ನೂ ತೆಗೆದುಹಾಕೋಣ ಎಂಬ ಮಾತು ಲೀಗ್‌ನಲ್ಲಿ ನಡೆಯುತ್ತಿದೆ. ತೆಗೆದರೆ ಪೆಟ್ಟು ಬೀಳುವುದು ಯಾರಿಗೆ ಅಂತ ತಿಳಿಯಬೇಕಾದರೆ, ಆ ಪಂದ್ಯಗಳಲ್ಲಿ ನಿಜಕ್ಕೂ ಏನು ನಡೆಯುತ್ತದೆ ಅಂತ ಮೊದಲು ನೋಡಬೇಕು.

ಮೊದಲು ಆಟದ ಬಗ್ಗೆ ಎರಡು ಮಾತು

ಅಮೆರಿಕನ್ ಫುಟ್‌ಬಾಲ್‌ನಲ್ಲಿ 11 ಜನರ ಎದುರು 11 ಜನ. ಚೆಂಡು ಇರುವ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ತಡೆಯುವುದು ಡಿಫೆನ್ಸ್ ಕೆಲಸ. ಮುಂದೆ ದಪ್ಪ ದೇಹದ ಲೈನ್‌ಮನ್‌ಗಳು, ಅವರ ಹಿಂದೆ ಲೈನ್‌ಬ್ಯಾಕರ್‌ಗಳು, ಇನ್ನೂ ಹಿಂದೆ ಚೆಂಡು ಹಿಡಿಯಲು ಓಡುವವರನ್ನು ಕಾಯುವ ಕಾರ್ನರ್‌ಬ್ಯಾಕ್ ಮತ್ತು ಸೇಫ್ಟಿಗಳು. ಕಬಡ್ಡಿ ನೋಡುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ರೈಡರ್‌ನನ್ನು ಒಬ್ಬ ಡಿಫೆಂಡರ್ ಒಂಟಿಯಾಗಿ ಹಿಡಿಯಲು ಹೋಗಿ ತಪ್ಪಿದರೆ ಇಡೀ ಸರಪಳಿ ಹರಿದುಹೋಗುತ್ತದೆ. ಇಲ್ಲೂ ಹಾಗೆಯೇ. ಪ್ರತಿಯೊಬ್ಬನಿಗೂ ಒಂದು 'ಗ್ಯಾಪ್', ಒಂದು ಜಾಗ ಕೊಟ್ಟಿರುತ್ತಾರೆ. ಅದನ್ನು ಬಿಟ್ಟು ಹೀರೋ ಆಗಲು ಹೋದವನಿಂದ ತಂಡಕ್ಕೆ ನಷ್ಟವೇ ಹೆಚ್ಚು.

ಹಾಗಾಗಿ ಡಿಫೆಂಡರ್‌ನನ್ನು ಅಳೆಯುವುದು ಕಷ್ಟ. ಕ್ವಾರ್ಟರ್‌ಬ್ಯಾಕ್ ಎಷ್ಟು ಪಾಸ್ ಕೊಟ್ಟ ಅಂತ ಎಣಿಸಬಹುದು. ತನ್ನ ಜಾಗದಲ್ಲಿ ಸರಿಯಾಗಿ ನಿಂತು ಎದುರಾಳಿ ಆ ಕಡೆ ಬರದಂತೆ ಮಾಡಿದ ಲೈನ್‌ಬ್ಯಾಕರ್‌ನ ಕೆಲಸ ಯಾವ ಸ್ಕೋರ್‌ಕಾರ್ಡ್‌ನಲ್ಲೂ ಬರುವುದಿಲ್ಲ.

ಪ್ರಾಕ್ಟೀಸ್‌ನಲ್ಲಿ ಕಾಣುವುದು, ಕಾಣದೇ ಇರುವುದು

ಕ್ಯಾಂಪಿನಲ್ಲಿ ಡ್ರಿಲ್‌ಗಳು ದಿನವೂ ಇರುತ್ತವೆ. ಅವುಗಳ ಗೆಲುವು-ಸೋಲನ್ನು ಕೋಚ್‌ಗಳು ಹಾಗೇ ನಂಬುವುದಿಲ್ಲ, ಏಕೆಂದರೆ ಡ್ರಿಲ್‌ಗೇ ಒಂದು ಪಕ್ಷಪಾತ ಇರುತ್ತದೆ. ರಿಸೀವರ್ ಎದುರು ಕಾರ್ನರ್‌ಬ್ಯಾಕ್ ಒಬ್ಬನೇ ನಿಂತಾಗ ಮೇಲುಗೈ ರಿಸೀವರ್‌ನದು. ಕ್ವಾರ್ಟರ್‌ಬ್ಯಾಕ್ ಮೇಲೆ ಯಾರೂ ನುಗ್ಗಿ ಬರುತ್ತಿಲ್ಲ, ಅವನಿಗೆ ಎಷ್ಟು ಹೊತ್ತು ಬೇಕಾದರೂ ಸಿಗುತ್ತದೆ. ಅದೇ ಲೈನ್‌ಮನ್‌ಗಳ ಒಬ್ಬರಿಗೊಬ್ಬರು ಡ್ರಿಲ್‌ನಲ್ಲಿ ಲಾಭ ಡಿಫೆಂಡರ್‌ಗೆ, ಏಕೆಂದರೆ ತಡೆಯುವವನಿಗೆ ಪಕ್ಕದವನ ಸಹಾಯ ಇಲ್ಲ. ಹಾಗಾಗಿ ಕೋಚ್ ನೋಡುವುದು ಬೇರೆ: ಮೊದಲ ಹೆಜ್ಜೆ ಯಾವ ಕಡೆ ಬಿತ್ತು, ಕೈ ಎದುರಾಳಿಯ ಎದೆಗೆ ಹೋಯಿತಾ ಅಥವಾ ಭುಜಕ್ಕಾ, ಹಿಂದಕ್ಕೆ ಓಡುತ್ತಿದ್ದವನು ತಿರುಗುವಾಗ ಸೊಂಟ ಎಷ್ಟು ಬೇಗ ತಿರುಗಿತು, ಕಣ್ಣು ಎಲ್ಲಿತ್ತು.

ಸಂಜೆ ಆ ದಿನದ ವಿಡಿಯೋ ಹಾಕಿಕೊಂಡು ಪ್ರತಿ ಪ್ಲೇಗೂ ಅಂಕ ಕೊಡುತ್ತಾರೆ. ಕೊಟ್ಟ ಕೆಲಸ ಗೊತ್ತಿತ್ತಾ? ತಂತ್ರ ಸರಿಯಿತ್ತಾ? ಕೊನೆಯವರೆಗೂ ಓಡಿದನಾ? ಸ್ಥೂಲವಾಗಿ ಈ ಮೂರು ಪ್ರಶ್ನೆ. ಕೊಟ್ಟ ಕೆಲಸ ಬಿಟ್ಟು ಅದೃಷ್ಟದಿಂದ ಚೆಂಡು ಕಿತ್ತುಕೊಂಡವನಿಗೆ ಟಿವಿಯಲ್ಲಿ ಚಪ್ಪಾಳೆ ಸಿಗಬಹುದು, ಕೋಚ್ ಹಾಳೆಯಲ್ಲಿ ಮೈನಸ್ ಬೀಳುತ್ತದೆ.

ಮುಖ್ಯ ವಿಷಯ ಇದು: ಪ್ರಾಕ್ಟೀಸ್‌ನಲ್ಲಿ ಸಾಮಾನ್ಯವಾಗಿ ಯಾರನ್ನೂ ನೆಲಕ್ಕೆ ಬೀಳಿಸುವಂತಿಲ್ಲ. ತಮ್ಮದೇ ತಂಡದ ದುಬಾರಿ ಆಟಗಾರನ ಮಂಡಿ ಮುರಿದರೆ ಯಾರಿಗೆ ಲಾಭ? ಹಾಗಾಗಿ ಡಿಕ್ಕಿ ಹೊಡೆದು ಬಿಟ್ಟುಬಿಡುತ್ತಾರೆ. ಅಂದರೆ ಡಿಫೆಂಡರ್‌ನ ಮೂಲ ಕೌಶಲವಾದ ಟ್ಯಾಕಲ್, ಅದೂ ಪೂರ್ತಿ ವೇಗದಲ್ಲಿ ಬರುತ್ತಿರುವ, ತಪ್ಪಿಸಿಕೊಳ್ಳಲು ನೋಡುತ್ತಿರುವ ಮನುಷ್ಯನನ್ನು ನೆಲಕ್ಕೆ ಕೆಡವುವ ಕೌಶಲ, ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಪ್ರೀಸೀಸನ್ ಪಂದ್ಯದಲ್ಲಿ. ಈಜು ಬರುತ್ತದಾ ಅಂತ ದಡದಲ್ಲಿ ನಿಂತು ಹೇಳಲು ಆಗುವುದಿಲ್ಲವಲ್ಲ, ಹಾಗೆ.

ಪಂದ್ಯದಲ್ಲಿ ಕೋಚ್ ಏನು ನೋಡುತ್ತಾನೆ

ಈ ಪಂದ್ಯಗಳಲ್ಲಿ ತಂಡಗಳು ಬೇಕಂತಲೇ ಸಾದಾ ಡಿಫೆನ್ಸ್ ಆಡುತ್ತವೆ. ಸೆಪ್ಟೆಂಬರ್‌ನಲ್ಲಿ ಎದುರಾಗುವವರಿಗೆ ತಮ್ಮ ಗುಟ್ಟು ತೋರಿಸಬಾರದು ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ಮೌಲ್ಯಮಾಪನದ್ದು. ತಂತ್ರಗಾರಿಕೆಯ ಮರೆ ಇಲ್ಲದಿದ್ದಾಗ ಒಬ್ಬೊಬ್ಬನ ಶಕ್ತಿ ಎಷ್ಟು ಅಂತ ಬರಿಗಣ್ಣಿಗೆ ಕಾಣುತ್ತದೆ.

ಅಂಕಿ-ಅಂಶವನ್ನೂ ಸೋಸಿ ನೋಡಬೇಕು. ಕೊನೆಯ ಕ್ವಾರ್ಟರ್‌ನಲ್ಲಿ ಒಬ್ಬ ಹೊಸಬ ಕ್ವಾರ್ಟರ್‌ಬ್ಯಾಕ್‌ನನ್ನು ಎರಡು ಸಲ ಕೆಡವಿದ ಅಂದುಕೊಳ್ಳಿ. ಎದುರಿಗಿದ್ದವನು ಮುಂದಿನ ವಾರ ತಾನೇ ಮನೆಗೆ ಹೋಗಲಿರುವ ಮೂರನೇ ದರ್ಜೆಯ ಆಟಗಾರನಾಗಿದ್ದರೆ ಅದಕ್ಕೆ ಅರ್ಧ ಬೆಲೆ. ಆಗ ಒಳ್ಳೆಯ ಕೋಚ್ ಮಾಡುವುದು, ಮುಂದಿನ ಪಂದ್ಯದಲ್ಲಿ ಅವನನ್ನು ಮೊದಲೇ ಇಳಿಸಿ ಬಲವಾದವರ ಎದುರು ನಿಲ್ಲಿಸುವುದು. ಪ್ರಯೋಗ ಒಂದೇ, ಲೋಡ್ ಹೆಚ್ಚಿಸುತ್ತಾ ಹೋಗುವುದು. ಲ್ಯಾಬ್‌ನಲ್ಲಿ ಕಬ್ಬಿಣದ ಸರಳನ್ನು ಎಳೆದು ನೋಡುವ ಹಾಗೆ.

ಮಾತು ಕೂಡ ಪರೀಕ್ಷೆಯ ಭಾಗ. 2008ರಿಂದ ಡಿಫೆನ್ಸ್‌ನಲ್ಲೂ ಒಬ್ಬನ ಹೆಲ್ಮೆಟ್‌ನಲ್ಲಿ ರೇಡಿಯೋ ಇರುತ್ತದೆ, ಗುರುತಿಗೆ ಹಿಂದೆ ಹಸಿರು ಚುಕ್ಕೆ. ಪ್ಲೇ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಸಂಪರ್ಕ ಕಡಿದುಹೋಗುತ್ತದೆ. ಅಷ್ಟರೊಳಗೆ ಕೇಳಿದ್ದನ್ನು ಉಳಿದ ಹತ್ತು ಜನರಿಗೆ ಮುಟ್ಟಿಸಬೇಕು, ಎದುರಾಳಿ ಜಾಗ ಬದಲಿಸಿದರೆ ತಾನೇ ತಿದ್ದಬೇಕು. ಹೊಸ ಲೈನ್‌ಬ್ಯಾಕರ್‌ಗೆ ಇದು ಟ್ಯಾಕಲ್‌ಗಿಂತ ಕಷ್ಟದ ಪರೀಕ್ಷೆ.

ಇದರ ಜೊತೆಗೆ ಸ್ಪೆಷಲ್ ಟೀಮ್ಸ್, ಅಂದರೆ ಚೆಂಡನ್ನು ಒದ್ದು ಕಳಿಸುವ ಮತ್ತು ಹಿಡಿದು ಓಡುವ ಸಂದರ್ಭದ ತಂಡ. ಪಟ್ಟಿಯ ಕೊನೆಯ ಐದಾರು ಜಾಗಗಳಿಗೆ ಪೈಪೋಟಿ ನಡೆಸುವ ಲೈನ್‌ಬ್ಯಾಕರ್, ಸೇಫ್ಟಿಗಳ ಹಣೆಬರಹ ಬಹುಪಾಲು ಇಲ್ಲೇ ತೀರ್ಮಾನ. 'ನಾನು ಡಿಫೆಂಡರ್, ಆ ಕೆಲಸ ನನ್ನದಲ್ಲ' ಅಂದವನು ಉಳಿಯುವುದು ಕಷ್ಟ.

ಇತ್ತೀಚೆಗೆ ಕೋಚ್‌ಗಳ ಒಲವು ಜಂಟಿ ಅಭ್ಯಾಸದ ಕಡೆ ವಾಲಿದೆ. ಎರಡು ತಂಡಗಳು ಒಂದೆರಡು ದಿನ ಒಟ್ಟಿಗೆ ಪ್ರಾಕ್ಟೀಸ್ ಮಾಡುತ್ತವೆ. ಪರಿಸ್ಥಿತಿ ಕೋಚ್ ಕೈಯಲ್ಲೇ ಇರುತ್ತದೆ, ಸ್ಟಾರ್‌ಗಳಿಗೆ ಅಪಾಯ ಕಡಿಮೆ, ಅವರಿಗೆ ಒಳ್ಳೆಯ ತಯಾರಿ. ಆದರೆ ಅಲ್ಲೂ ಕೆಡವುವಂತಿಲ್ಲ. ಪಟ್ಟಿಯ 70ನೇ ಆಟಗಾರನಿಗೆ ಸಿಗುವ ಅವಕಾಶವೂ ಕಡಿಮೆ.

ಒಂದು ಯಶಸ್ಸು, ಒಂದು ಎಡವಟ್ಟು

ಈ ವ್ಯವಸ್ಥೆ ಸರಿಯಾಗಿ ಕೆಲಸ ಮಾಡಿದರೆ ಏನಾಗುತ್ತದೆ ಅನ್ನೋದಕ್ಕೆ ಮಾಲ್ಕಮ್ ಬಟ್ಲರ್ ಉದಾಹರಣೆ. ಪೊಪೈಸ್ ಎಂಬ ಫಾಸ್ಟ್‌ಫುಡ್ ಅಂಗಡಿಯಲ್ಲಿ ದುಡಿದಿದ್ದವನು, ವೆಸ್ಟ್ ಅಲಬಾಮಾ ಎಂಬ ಸಣ್ಣ ಕಾಲೇಜು ತಂಡದವನು. 2014ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಟ್ರಯಲ್‌ಗೆ ಕರೆಯಿತು, ಆಮೇಲೆ ಕ್ಯಾಂಪ್ ದಾಟಿ 53ರೊಳಗೆ ಉಳಿದ. ಸೂಪರ್ ಬೌಲ್‌ಗೆ ಮುನ್ನ ಪ್ರಾಕ್ಟೀಸ್‌ನಲ್ಲಿ ಒಂದು ನಿರ್ದಿಷ್ಟ ಪ್ಲೇಗೆ ಅವನು ಮೋಸಹೋಗಿದ್ದ, ಕೋಚ್ ತಿದ್ದಿದ್ದರು. 2015ರ ಫೆಬ್ರುವರಿ 1ರಂದು, ಪಂದ್ಯದ ಕೊನೆಯ ಅರ್ಧ ನಿಮಿಷದೊಳಗೆ, ಸಿಯಾಟಲ್ ಒಂದು ಗಜ ದೂರದಿಂದ ಅದೇ ಪ್ಲೇ ಆಡಿತು. ಬಟ್ಲರ್ ಗುರುತು ಹಿಡಿದು ಮುಂದೆ ನುಗ್ಗಿ ಚೆಂಡು ಕಸಿದುಕೊಂಡ. 28-24ರಲ್ಲಿ ಪೇಟ್ರಿಯಟ್ಸ್ ಗೆದ್ದಿತು. ಎಲ್ಲರೂ ಅದನ್ನು ಪವಾಡ ಅಂದರು. ಒಮ್ಮೆ ಮಾಡಿದ ತಪ್ಪನ್ನು ತೋರಿಸಿ ತಿದ್ದಿದರೆ ಕಲಿಯುತ್ತಾನಾ ಎಂಬ ಪ್ರಶ್ನೆಗೆ ಅದು ಉತ್ತರ. ಡೆವಲಪ್‌ಮೆಂಟ್ ಅಂದರೆ ಇದೇ.

ಜೇಮ್ಸ್ ಹ್ಯಾರಿಸನ್ ಇನ್ನೊಂದು ಕಥೆ. 2002ರಲ್ಲಿ ಅವನನ್ನೂ ಯಾರೂ ಡ್ರಾಫ್ಟ್ ಮಾಡಲಿಲ್ಲ. ಸುಮಾರು ಆರಡಿ ಎತ್ತರ, ಆ ಜಾಗಕ್ಕೆ ಗಿಡ್ಡ ಎಂಬ ಅಭಿಪ್ರಾಯ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಮತ್ತೆ ಮತ್ತೆ ಕೈಬಿಟ್ಟಿತು, ಬಾಲ್ಟಿಮೋರ್ ಕೂಡ ಕಳಿಸಿತು. 2004ರಲ್ಲಿ ಒಬ್ಬನಿಗೆ ಗಾಯವಾಗಿದ್ದರಿಂದ ಸ್ಟೀಲರ್ಸ್ ಮತ್ತೆ ಕರೆಯಿತು. 2008ರಲ್ಲಿ ಅವನೇ ಲೀಗ್‌ನ ಶ್ರೇಷ್ಠ ಡಿಫೆಂಡರ್. ಡ್ರಾಫ್ಟ್ ಆಗದ ಆಟಗಾರನಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಅಂದರೆ ಒಂದಲ್ಲ, ಎರಡು ತಂಡಗಳ ಅಳತೆಗೋಲು ತಪ್ಪಾಗಿತ್ತು. ಅವನನ್ನು ಉಳಿಸಿದ್ದು ಪದೇ ಪದೇ ಸಿಕ್ಕ ಅವಕಾಶ.

ಮೈದಾನ ಸಮತಟ್ಟಾಗಿಲ್ಲ

ಈ ಪರೀಕ್ಷೆಯನ್ನು ಎಲ್ಲರೂ ಒಂದೇ ಗೆರೆಯಿಂದ ಶುರು ಮಾಡುವುದಿಲ್ಲ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನ ಮೇಲೆ ತಂಡ ಕೋಟಿಗಟ್ಟಲೆ ಖಾತರಿ ಹಣ ಸುರಿದಿರುತ್ತದೆ. ಅವನು ಟ್ಯಾಕಲ್ ತಪ್ಪಿಸಿದರೆ 'ಕಲಿಯುತ್ತಿದ್ದಾನೆ'. ಡ್ರಾಫ್ಟ್ ಆಗದವನು ತಪ್ಪಿಸಿದರೆ 'ಇವನ ಕೈಲಿ ಆಗಲ್ಲ'. ಕ್ಯಾಂಪಸ್ ಪ್ಲೇಸ್‌ಮೆಂಟ್‌ನಲ್ಲಿ ಕಾಲೇಜಿನ ಹೆಸರು ನೋಡಿಯೇ ರೆಸ್ಯೂಮೆ ಪಕ್ಕಕ್ಕಿಡುವುದನ್ನು ಕಂಡವರಿಗೆ ಇದು ಹೊಸದೇನಲ್ಲ.

ಹಣದ ಅಂತರವನ್ನೂ ನೋಡಿ. ಕ್ಯಾಂಪಿನಲ್ಲಿ ಸಿಗುವುದು ವಾರದ ಭತ್ಯೆ. ಸಂಬಳ ಶುರುವಾಗುವುದು ಸೀಸನ್ ಶುರುವಾದ ಮೇಲೆ. 2024ರಲ್ಲಿ 53ರ ಪಟ್ಟಿಯಲ್ಲಿ ಉಳಿದ ಹೊಸಬನಿಗೆ ವರ್ಷಕ್ಕೆ ಕನಿಷ್ಠ 7,95,000 ಡಾಲರ್. ಕೈಬಿಟ್ಟವರಲ್ಲಿ ತಂಡಕ್ಕೆ ಸುಮಾರು 16 ಜನರನ್ನು ಪ್ರಾಕ್ಟೀಸ್ ಸ್ಕ್ವಾಡ್‌ಗೆ ಸೇರಿಸಿಕೊಳ್ಳಬಹುದು, ನಮ್ಮ ಐಟಿ ಕಂಪನಿಗಳ 'ಬೆಂಚ್' ಇದ್ದ ಹಾಗೆ. 2024ರಲ್ಲಿ ಅಲ್ಲಿ ವಾರಕ್ಕೆ ಕನಿಷ್ಠ 12,500 ಡಾಲರ್ ಇತ್ತು. 18 ವಾರವೂ ಉಳಿದರೆ 2,25,000. ಯಾವ ವಾರ ಬೇಕಾದರೂ ಕಳಿಸಬಹುದು. ಈ ಜಾಗಗಳೆಲ್ಲ ತುಂಬಿದರೂ ಆ 1,184 ಜನರಲ್ಲಿ 670ರಷ್ಟು ಜನರಿಗೆ ಆ ವಾರ ಎಲ್ಲೂ ಜಾಗವಿಲ್ಲ.

ಇಲ್ಲೇ ಪ್ರೀಸೀಸನ್ ಪಂದ್ಯದ ನಿಜವಾದ ಬೆಲೆ ಇರುವುದು. ಒಂದು ತಂಡ ಕೈಬಿಟ್ಟ ಹೊಸಬನನ್ನು ಉಳಿದ 31 ತಂಡಗಳು 24 ಗಂಟೆಯೊಳಗೆ ಎತ್ತಿಕೊಳ್ಳಬಹುದು. ಆದರೆ ಅವರು ಅವನ ಕ್ಯಾಂಪ್ ಡ್ರಿಲ್ ನೋಡಿಲ್ಲ. ಅವರ ಮುಂದಿರುವುದು ಪಂದ್ಯದ ವಿಡಿಯೋ ಮಾತ್ರ. ಸ್ವಂತ ಕೋಚ್ ಒಪ್ಪದಿದ್ದರೂ ಬೇರೆಯವರಿಗೆ ತೋರಿಸಬಲ್ಲ ಒಂದೇ ದಾಖಲೆ ಅದು.

ಕಡಿತದ ಬಿಲ್ ಯಾರ ಪಾಲಿಗೆ?

2021ರಲ್ಲಿ ರೆಗ್ಯುಲರ್ ಸೀಸನ್ 16ರಿಂದ 17 ಪಂದ್ಯಕ್ಕೆ ಏರಿತು, ಪ್ರೀಸೀಸನ್ ನಾಲ್ಕರಿಂದ ಮೂರಕ್ಕೆ ಇಳಿಯಿತು. ಈಗ 18 ಪಂದ್ಯ, ಎರಡೇ ಪ್ರೀಸೀಸನ್ ಎಂಬ ಪ್ರಸ್ತಾಪವನ್ನು ಲೀಗ್ ಕಮಿಷನರ್ ರೋಜರ್ ಗುಡೆಲ್ ಬಹಿರಂಗವಾಗಿಯೇ ಆಡಿದ್ದಾರೆ. ಮಾಲೀಕರ ಲೆಕ್ಕ ಸರಳ: ಯಾರೂ ನೋಡದ ಪಂದ್ಯದ ಬದಲು ಎಲ್ಲರೂ ನೋಡುವ ಪಂದ್ಯ, ಅದಕ್ಕೆ ತಕ್ಕ ಟಿವಿ ಹಣ.

ಇದಕ್ಕೆ ಎದುರು ವಾದವೂ ಗಟ್ಟಿಯಾಗಿದೆ, ತಳ್ಳಿಹಾಕುವಂತಿಲ್ಲ. ಆಗಸ್ಟ್ ಪಂದ್ಯಗಳಲ್ಲಿ ನಿಜವಾದ ಮೂಳೆಗಳೇ ಮುರಿಯುತ್ತವೆ. ದಿನಕ್ಕೆರಡು ಬಾರಿ ಪ್ಯಾಡ್ ಕಟ್ಟಿಕೊಂಡು ಗುದ್ದಾಡುವ ಪದ್ಧತಿಯನ್ನು 2011ರ ಒಪ್ಪಂದದಲ್ಲಿ ತೆಗೆಸಿದ್ದು ಆಟಗಾರರ ಯೂನಿಯನ್. 2020ರ ಒಪ್ಪಂದ ಕ್ಯಾಂಪಿನ ಪ್ಯಾಡ್ ಅಭ್ಯಾಸಗಳನ್ನು 16ಕ್ಕೆ ಮಿತಿಗೊಳಿಸಿತು. ಇವು ಹೋರಾಡಿ ಪಡೆದ ಸುರಕ್ಷತೆಗಳು, ಯಾರೂ ಹಿಂದಕ್ಕೆ ಕೊಡಬೇಕಾಗಿಲ್ಲ. ಆದರೆ ಅಭ್ಯಾಸ ಕಡಿಮೆಯಾದಷ್ಟೂ ಹೊಸಬ ತನ್ನನ್ನು ತೋರಿಸಿಕೊಳ್ಳುವ ಜಾಗವೂ ಕಡಿಮೆಯಾಗುತ್ತದೆ. ಹಳಬರ ದೇಹ ಕಾಯುವ ನಿಯಮಕ್ಕೂ ಹೊಸಬರ ಬಾಗಿಲಿಗೂ ನಡುವೆ ತಿಕ್ಕಾಟ ಇದೆ, ಎಲ್ಲ ಯೂನಿಯನ್‌ಗಳಿಗೂ ಗೊತ್ತಿರುವ ತಿಕ್ಕಾಟ ಅದು.

ಹಾಗಿದ್ದರೂ 18ನೇ ಪಂದ್ಯದ ಪ್ರಸ್ತಾಪ ದೇಹ ಕಾಯುವುದಕ್ಕೆ ಬಂದದ್ದಲ್ಲ. ಗುದ್ದಾಟ ಕಡಿಮೆಯಾಗುತ್ತಿಲ್ಲ, ಹೊಸಬರು ಆಡುತ್ತಿದ್ದ ಪಂದ್ಯದಿಂದ ಹಳಬರು ಆಡುವ ಪಂದ್ಯಕ್ಕೆ ವರ್ಗವಾಗುತ್ತಿದೆ. ಪ್ರೀಸೀಸನ್ ಎರಡಕ್ಕೆ ಇಳಿದರೆ ಕೋಚ್‌ಗಳು ಹೊಂದಿಕೊಳ್ಳುತ್ತಾರೆ, ಇನ್ನಷ್ಟು ಜಂಟಿ ಅಭ್ಯಾಸ ಇಟ್ಟುಕೊಳ್ಳುತ್ತಾರೆ. ಪುರಾವೆ ಕಡಿಮೆ ಇದ್ದಾಗ ಯಾವ ಮ್ಯಾನೇಜರ್ ಆದರೂ ಮಾಡುವುದನ್ನೇ ಅವರೂ ಮಾಡುತ್ತಾರೆ: ಮೊದಲೇ ಹಣ ಹಾಕಿದವನನ್ನು, ದೊಡ್ಡ ಕಾಲೇಜಿನವನನ್ನು ನಂಬುತ್ತಾರೆ.

18ನೇ ಪಂದ್ಯದ ಮಾತುಕತೆಯಲ್ಲಿ ಯೂನಿಯನ್ ಹೆಚ್ಚಿನ ಹಣ, ಹೆಚ್ಚಿನ ವಿಶ್ರಾಂತಿ ಕೇಳುವುದು ಸಹಜ. ಅದರ ಜೊತೆ ಕೇಳಬೇಕಾದದ್ದು ಇನ್ನೂ ಎರಡಿದೆ. ಒಂದು, 53ರ ಪಟ್ಟಿ ದೊಡ್ಡದಾಗಬೇಕು. ಎರಡು, ಜಂಟಿ ಅಭ್ಯಾಸದ ವಿಡಿಯೋ ಎಲ್ಲ 32 ತಂಡಗಳಿಗೂ ಸಿಗಬೇಕು. ಇಲ್ಲದಿದ್ದರೆ ಮುಂದಿನ ಬಟ್ಲರ್ ಯಾವುದೋ ಕ್ಯಾಂಪಿನಲ್ಲಿ ಚೆನ್ನಾಗಿಯೇ ಆಡಿ, ಯಾರ ಕಣ್ಣಿಗೂ ಬೀಳದೆ, ಆ ಮಂಗಳವಾರ ಬ್ಯಾಗ್ ಕಟ್ಟಿಕೊಂಡು ಹೋಗಿರುತ್ತಾನೆ.