ಹ್ಯಾರಿ ಓಕ್ಸ್ ಕೊಲೆ: ಪರದೆಯ ಮೇಲೆ ಇಲ್ಲದ ಬೆರಳಚ್ಚು

ಸರ್ ಹ್ಯಾರಿ ಓಕ್ಸ್ ಕೊಲೆಯ ಕಥೆ ಹೇಳುವವರು ಹೆಚ್ಚಾಗಿ ಮಾಫಿಯಾದತ್ತ ಬೆರಳು ತೋರಿಸುತ್ತಾರೆ. ಬಹಾಮಾಸ್‌ನಲ್ಲಿ ಜೂಜಿನ ಕ್ಲಬ್ಬು ತೆರೆಯಲು ಅಡ್ಡ ಬಂದನೆಂದು ಭೂಗತ ಲೋಕದ ಮೇಯರ್ ಲ್ಯಾನ್ಸ್ಕಿಯ ಕಡೆಯವರು ಅವನನ್ನು ಮುಗಿಸಿದರಂತೆ. ಇದಕ್ಕೆ ನ್ಯಾಯಾಲಯದ ಮುಂದೆ ಯಾವ ಸಾಕ್ಷ್ಯವೂ ಬರಲಿಲ್ಲ. ಅಲ್ಲಿ ಬಯಲಾದದ್ದು ತನಿಖೆ ನಡೆಸಿದವರ ಹೊಲಸು.

ಕೆನಡಾದ ಕರ್ಕ್‌ಲ್ಯಾಂಡ್ ಲೇಕ್‌ನಲ್ಲಿ ಚಿನ್ನ ಕಂಡು ಕುಬೇರನಾದ ಓಕ್ಸ್, ತೆರಿಗೆಯ ಹೊರೆಗೆ ಬೇಸತ್ತು ಬಹಾಮಾಸ್‌ನ ನಸ್ಸಾವ್‌ನಲ್ಲಿ ನೆಲೆಸಿದ್ದ. 1943ರ ಜುಲೈ 8ರ ಬೆಳಿಗ್ಗೆ ಅವನ ಶವ ಹಾಸಿಗೆಯ ಮೇಲೆ ಸಿಕ್ಕಿತು. ತಲೆಗೆ ಪೆಟ್ಟು ಬಿದ್ದಿತ್ತು, ಮೈ ಸುಟ್ಟಿತ್ತು. ಅಲ್ಲಿನ ಆಗಿನ ಗವರ್ನರ್, ಬ್ರಿಟನ್ನಿನ ಸಿಂಹಾಸನ ತ್ಯಜಿಸಿದ್ದ ಎಂಟನೇ ಎಡ್ವರ್ಡ್. ಅವನು ತನ್ನದೇ ಪೊಲೀಸರ ಕೈಗೆ ತನಿಖೆ ಬಿಡದೆ ಮಯಾಮಿಯಿಂದ ಮೆಲ್ಚೆನ್, ಬಾರ್ಕರ್ ಎಂಬ ಪತ್ತೇದಾರರನ್ನು ಕರೆಸಿದ. ಮರುದಿನವೇ ಓಕ್ಸ್‌ನ ಅಳಿಯ ಆಲ್ಫ್ರೆಡ್ ಡಿ ಮಾರಿನ್ಯಿ ಬಂಧನದಲ್ಲಿದ್ದ.

ಬೆರಳಚ್ಚು ಸಿಕ್ಕಿದ್ದರೂ ಅಳಿಯ ವಕೀಲರ ಚಾತುರ್ಯದಿಂದ ಪಾರಾದ ಎಂಬುದು ಇನ್ನೊಂದು ನಂಬಿಕೆ. ಇದು ನನಗೆ ಸಿಟ್ಟು ತರಿಸುತ್ತದೆ, ಏಕೆಂದರೆ ಅಲ್ಲಿ ಅಪಾಯದಲ್ಲಿದ್ದದ್ದು ಒಬ್ಬನ ಕೊರಳು. ಬೆರಳಚ್ಚಿನ ತಜ್ಞನೆಂದು ಬಂದ ಬಾರ್ಕರ್ ಅದಕ್ಕೆ ಬೇಕಾದ ಕ್ಯಾಮೆರಾವನ್ನೇ ತಂದಿರಲಿಲ್ಲ. ಓಕ್ಸ್‌ನ ಕೋಣೆಯಲ್ಲಿದ್ದ ಚೀನೀ ಮಡಚು ಪರದೆಯ ಮೇಲೆ ಡಿ ಮಾರಿನ್ಯಿಯ ಕಿರುಬೆರಳಿನ ಗುರುತು ಸಿಕ್ಕಿತೆಂದ. ಇದ್ದಲ್ಲೇ ಅದರ ಫೋಟೊ ತೆಗೆದಿರಲಿಲ್ಲ, ರಬ್ಬರಿಗೆ ಅಂಟಿಸಿ ಎತ್ತಿಬಿಟ್ಟಿದ್ದ. ಹಾಗೆ ಎತ್ತಿದ ಮೇಲೆ ಪರದೆಯ ಮೇಲೆ ತಾಳೆ ನೋಡಲು ಏನೂ ಉಳಿಯುವುದಿಲ್ಲ. ಪರದೆಯ ತುಂಬ ಚಿತ್ತಾರ, ಗುರುತಿನ ಹಿನ್ನೆಲೆಯಲ್ಲಿ ಮಾತ್ರ ಆ ಚಿತ್ತಾರದ ಸುಳಿವಿಲ್ಲ! ವಿಚಾರಣೆಯ ವೇಳೆ ಡಿ ಮಾರಿನ್ಯಿ ಮುಟ್ಟಿದ್ದ ನೀರಿನ ಲೋಟದಿಂದಲೇ ಅದನ್ನು ತೆಗೆದಿರಬಹುದೆಂದು ಅವನ ಪರ ವಕೀಲ ಗಾಡ್‌ಫ್ರೆ ಹಿಗ್ಸ್ ವಾದಿಸಿದ. ಆ ವಿಚಾರಣೆ ನಡೆದದ್ದು ಗುರುತು ಎತ್ತಿದ ನಂತರ, ಮಧ್ಯಾಹ್ನದ ಮೇಲೆ ಎಂದಿದ್ದರು ಮಯಾಮಿಯವರು. ಬೆಳಿಗ್ಗೆಯೇ ಎಂದು ಸ್ಥಳೀಯ ಪೇದೆಗಳು ನುಡಿದರು. ದೊಡ್ಡವರ ಮುಂದೆ ನಿಂತು ಹಾಗೆ ಹೇಳಲು ಅಂದಿನ ವಸಾಹತಿನಲ್ಲಿ ಎದೆಗಾರಿಕೆ ಬೇಕಿತ್ತು.

ನವೆಂಬರಿನಲ್ಲಿ ಜ್ಯೂರಿ ಡಿ ಮಾರಿನ್ಯಿಯನ್ನು ನಿರ್ದೋಷಿ ಎಂದಿತು, ಜೊತೆಗೇ ಗಡೀಪಾರಿಗೆ ಶಿಫಾರಸು ಮಾಡಿತು. ಅದು ಕೊಲೆಗೆ ಕೊಟ್ಟ ಶಿಕ್ಷೆಯಲ್ಲ. ಆದರೂ ಹಾಗೆ ಅರ್ಥಮಾಡಿಕೊಂಡವರಿದ್ದಾರೆ.

ಗವರ್ನರನೇ ಕೊಲೆ ಮಾಡಿಸಿದನೆಂಬುದಕ್ಕೂ ಆಧಾರವಿಲ್ಲ. ಆದರೆ ಆ ರಾತ್ರಿ ಅದೇ ಮನೆಯಲ್ಲಿ ಮಲಗಿದ್ದೆನೆಂದ ಜಮೀನು ವ್ಯಾಪಾರಿ ಹೆರಾಲ್ಡ್ ಕ್ರಿಸ್ಟಿಯನ್ನು ನಡುರಾತ್ರಿಯ ಹೊತ್ತಿಗೆ ಪೇಟೆಯಲ್ಲಿ ಕಾರಿನಲ್ಲಿ ಕಂಡೆನೆಂದು ಪೊಲೀಸ್ ಅಧಿಕಾರಿ ಸಿಯರ್ಸ್ ಪ್ರಮಾಣ ಮಾಡಿ ಹೇಳಿದ. ಕ್ರಿಸ್ಟಿ ಅಲ್ಲಗಳೆದ. ಅದು ಅವನ ಅಪರಾಧಕ್ಕೆ ಪುರಾವೆಯಲ್ಲ. ಬೆನ್ನು ಹತ್ತಿ ವಿಚಾರಿಸಬೇಕಾಗಿದ್ದ ಸುಳಿವು. ಡಿ ಮಾರಿನ್ಯಿಯ ಬಿಡುಗಡೆಯ ನಂತರ ಈ ಕೊಲೆಗಾಗಿ ಮತ್ತೊಬ್ಬನನ್ನು ಯಾವ ನ್ಯಾಯಾಲಯದ ಕಟಕಟೆಗೂ ತಂದು ನಿಲ್ಲಿಸಲಿಲ್ಲ.